ತಾಯಿಗೆ ಕಾಗದ ಕೇಳುವ ಮುನ್ನ

ಮಹಾರಾಷ್ಟ್ರದ ತಡವಳದಿಂದ ಭೀಮಾ ನದಿ ದಾಟಿದರೆ ಕರ್ನಾಟಕದ ಇಂಡಿ ತಾಲೂಕು. ಈ ದಂಡೆಯ ಮಾತೇ ಆ ದಂಡೆಯಲ್ಲೂ. ಹೆಣ್ಣು ಕೊಡುವುದು, ತರುವುದು ತಲೆತಲಾಂತರದಿಂದ ನಡೆದುಬಂದಿದೆ. 1956ರ ರಾಜ್ಯ ಪುನರ್ವಿಂಗಡಣೆ ನಡುವೆ ಗೆರೆ ಎಳೆದರೂ ಬೀಗತನ ನಿಲ್ಲಲಿಲ್ಲ. ಸೊಸೆಯಾಗಿ ಬಂದವಳ ಕಾಗದಪತ್ರ ಮಾತ್ರ ಆಚೆ ದಂಡೆಯಲ್ಲೇ ಉಳಿಯಿತು.

ಮಗುವಿಗೆ ದಾಖಲೆ ಮಾಡಿಸಲು ಹೋದರೆ ತಾಯಿಯ ಕಾಗದ ಕೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದವಳಿಗೆ ಶಾಲೆ ಬಿಟ್ಟ ದಾಖಲೆ ಎಲ್ಲಿಂದ ಬರಬೇಕು? ತವರಿನ ಕಾಗದದಲ್ಲಿ ಅವಳ ಹೆಸರಿನ ಮುಂದೆ ತಂದೆಯ ಹೆಸರು. ಇಲ್ಲಿನ ರೇಷನ್ ಕಾರ್ಡಿನಲ್ಲಿ ಮರಾಠಿ ರೂಢಿಯಂತೆ ಗಂಡನ ಹೆಸರು, ಅಡ್ಡಹೆಸರು. ಎರಡೂ ತಾಳೆಯಾಗುವುದಿಲ್ಲವೆಂದು ಅರ್ಜಿ ಹಾಕುವ ಸೇತು ಕೇಂದ್ರದಿಂದ ಗ್ರಾಮಲೆಕ್ಕಿಗ ತಲಾಠಿಯ ಬಳಿಗೆ, ಅಲ್ಲಿಂದ ಮತ್ತೆ ತಹಶೀಲಿಗೆ ಅಲೆಸುತ್ತಾರೆ. ಒಂದೊಂದು ಅಲೆದಾಟಕ್ಕೂ ಒಂದೊಂದು ದಿನದ ಕೂಲಿ ಹೋಗುತ್ತದೆ. ಜಾತಿಯ ದಾಖಲೆಯದೂ ತೊಡಕೇ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಲಂಬಾಣಿಗಳು ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಇಲ್ಲಿ ಆ ದಾಖಲೆ ಬೇಕಾದರೆ ಕುಟುಂಬ 1961ರ ನವೆಂಬರ್ 21ಕ್ಕೂ ಮೊದಲೇ ಈ ರಾಜ್ಯದಲ್ಲಿ ನೆಲೆಸಿತ್ತೆಂದು ತೋರಿಸಬೇಕು. ದುಡಿಮೆ ಅರಸಿ ಊರೂರು ತಿರುಗಿದ ತಾಂಡಾದವರು ಅಂದು ಎಲ್ಲಿದ್ದರೆಂದು ಬರೆದಿಟ್ಟವರು ಯಾರು?

ಊರೂರು ತಿರುಗಿ ಕಬ್ಬು ಕಡಿಯುವ ಗ್ಯಾಂಗಿನ ತಾಯಂದಿರ ಪಾಡು ಇನ್ನೂ ಕಠಿಣ. ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿಯಾಗಬೇಕೆಂಬುದು 1969ರ ಕಾಯ್ದೆ. ಅದಕ್ಕಿರುವುದು 21 ದಿನ. ಗುಡಿಸಿಲಿನಲ್ಲಿ ಹೆತ್ತು, ಹಸಿಮೈಯಲ್ಲೇ ಮುಂದಿನ ಹೊಲಕ್ಕೆ ಹೋಗುವವಳಿಗೆ ಆ ಗಡುವನ್ನು ತಿಳಿಸುವವರಿಲ್ಲ. ವರ್ಷ ಕಳೆದರೆ ದಂಡಾಧಿಕಾರಿಯ ಆದೇಶವೇ ಬೇಕು. 2025ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಬಾಂಗ್ಲಾ ನುಸುಳುಕೋರರ ಹೆಸರಿನಲ್ಲಿ ತಡವಾದ ಜನನ ಪ್ರಮಾಣಪತ್ರಗಳನ್ನು ಕೊಡುವುದನ್ನೇ ತಡೆಹಿಡಿಯಿತು; ಆಮೇಲೆ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿತು. ಸುಳ್ಳು ದಾಖಲೆ ಮಾಡಿಸಿದವರನ್ನು ಹಿಡಿಯಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಅದೇ ವರ್ಷ ಮುಂಬೈಯಲ್ಲಿ ಹಿಡಿದ ಪಶ್ಚಿಮ ಬಂಗಾಳದ ಕೂಲಿಕಾರರನ್ನು ಗಡಿಯಾಚೆ ದಬ್ಬಿ, ಭಾರತೀಯರೆಂದು ಗೊತ್ತಾದ ಮೇಲೆ ವಾಪಸು ಕರೆತಂದದ್ದನ್ನು ದೇಶ ಕಂಡಿದೆ. ಕಾಗದವಿಲ್ಲದ ಬಡವರನ್ನೆಲ್ಲ ಪರದೇಶಿಗಳೆಂದು ಶಂಕಿಸುವುದು ಅನ್ಯಾಯ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಈ ತಾಯಿಗೂ ಕೊಟ್ಟಿದೆ.

ಸರ್ಕಾರಕ್ಕೆ ದಾರಿ ಗೊತ್ತಿಲ್ಲವೆಂದಲ್ಲ. 2024ರಲ್ಲಿ, ವಿಧಾನಸಭೆ ಚುನಾವಣೆಗೆ ಮುನ್ನ, ಲಾಡಕಿ ಬಹೀಣ ಯೋಜನೆಯ ತಿಂಗಳ 1,500 ರೂಪಾಯಿಗಾಗಿ ಪರರಾಜ್ಯದಲ್ಲಿ ಹುಟ್ಟಿ ಇಲ್ಲಿಯವರನ್ನು ಮದುವೆಯಾದ ಹೆಂಗಸಿಗೆ ಗಂಡನ ದಾಖಲೆಯೇ ಸಾಕೆಂದು ಇದೇ ಸರ್ಕಾರ ಒಪ್ಪಿತು. ಹಣ ಹಂಚುವಾಗ ಸೊಸೆಯಾದವಳು ಮಗುವಿನ ದಾಖಲೆ ಕೇಳಿದಾಗ ಹೊರಗಿನವಳಾಗುವುದು ಹೇಗೆ?

ತಪ್ಪು ತಾಯಿಯದಲ್ಲ, ಅವಳ ಬಾಗಿಲಿಗೆ ಎಂದೂ ಬಾರದ ಕಚೇರಿಯದು. ಕರ್ನಾಟಕವೂ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಗಡಿ ಕನ್ನಡಿಗರ ಹೆಸರಿನಲ್ಲಿ ಭಾಷಣ ಮಾಡುವ ಸರ್ಕಾರಗಳು ಅವರ ಹೆಣ್ಣುಮಕ್ಕಳ ತವರಿನ ದಾಖಲೆಯನ್ನಾದರೂ ಹುಡುಕಿಕೊಡಬೇಕು. ಸೊಲ್ಲಾಪುರ, ವಿಜಯಪುರ ಜಿಲ್ಲಾಧಿಕಾರಿಗಳು ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲೇ ಕೂಡಿ ಕೂತು, ಗ್ಯಾಂಗುಗಳ ಬಿಡಾರದಲ್ಲೇ ಜನನ ನೋಂದಣಿ ಆಗುವಂತೆ ಆದೇಶ ಹೊರಡಿಸಲಿ.