ಅಪ್ಪಣೆ ಮೇಲಿನವರದು, ಖರ್ಚು ಕೆಳಗಿನವರದು

ಅಮೆರಿಕದ ಸಂವಿಧಾನದಲ್ಲಿ ಕೌಂಟಿಗಳ ಪ್ರಸ್ತಾಪವೇ ಇಲ್ಲ. ಒಕ್ಕೂಟ ಉಂಟು, ರಾಜ್ಯಗಳು ಉಂಟು. ರಾಜ್ಯಗಳೊಳಗಿನ, ನಮ್ಮ ಜಿಲ್ಲೆಗಳನ್ನು ಹೋಲುವ ಮೂರು ಸಾವಿರಕ್ಕೂ ಮಿಕ್ಕ ಕೌಂಟಿಗಳ ಬಗ್ಗೆ ಅದು ಮೌನಿ. ಅಯೋವಾ ರಾಜ್ಯದ ನ್ಯಾಯಮೂರ್ತಿ ಜಾನ್ ಡಿಲನ್ 1868ರಲ್ಲಿ ಮುಲಾಜಿಲ್ಲದೆ ತೀರ್ಪಿತ್ತರು: ಸ್ಥಳೀಯ ಸಂಸ್ಥೆಗಳನ್ನು ಹುಟ್ಟಿಸಿದ್ದು ರಾಜ್ಯದ ಶಾಸನಸಭೆ, ಬೇಡವೆನಿಸಿದರೆ ಇಲ್ಲವಾಗಿಸುವ ಹಕ್ಕೂ ಅದರದೇ. 1907ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಈ ನಿಲುವನ್ನೇ ಎತ್ತಿಹಿಡಿಯಿತು. ಇದೇನೂ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಕನೆಕ್ಟಿಕಟ್ ರಾಜ್ಯ 1960ರಲ್ಲಿ ತನ್ನ ಎಂಟೂ ಕೌಂಟಿ ಸರ್ಕಾರಗಳಿಗೆ ಬೀಗ ಹಾಕಿತು. ನಕ್ಷೆಯ ಗೆರೆಗಳು ಉಳಿದವು, ಆಡಳಿತ ಹೋಯಿತು.

ಇಂಥ ಆಧಾರವಿಲ್ಲದ ಸಂಸ್ಥೆ ಬಡಕಲಾಗಿರಬೇಕು ಎಂದು ನಮಗೆ ತೋರುತ್ತದೆ. ಆದರೆ ಅಲ್ಲಿಯ ಬಹುಪಾಲು ರಾಜ್ಯಗಳಲ್ಲಿ ಜೈಲು ನಡೆಸುವುದು ಕೌಂಟಿ, ಜಮೀನಿನ ದಾಖಲೆ ಇಡುವುದು ಕೌಂಟಿ, ರಾಷ್ಟ್ರಾಧ್ಯಕ್ಷರ ಚುನಾವಣೆಯ ಮತ ಎಣಿಸುವುದೂ ಹೆಚ್ಚಾಗಿ ಕೌಂಟಿಯೇ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಹತ್ತಿರಹತ್ತಿರ ಒಂದು ಕೋಟಿ ಜನರಿದ್ದಾರೆ. ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಗೆ ಸಿಕ್ಕವರು 64 ಮಂದಿ. (ನಮ್ಮಲ್ಲಿ ಒಂದು ಮದುವೆಯ ದಿಬ್ಬಣಕ್ಕೇ ಇದಕ್ಕಿಂತ ಹೆಚ್ಚು ಜನ ಹೊರಡುತ್ತಾರೆ.) ದೊಡ್ಡದಿರಲಿ ಚಿಕ್ಕದಿರಲಿ, ಎರಡಕ್ಕೂ ಆಸ್ತಿ ತೆರಿಗೆಯ ಸ್ವಂತ ಆದಾಯವಿದೆ, ಜನರೇ ನೇರವಾಗಿ ಆರಿಸಿದ ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ, ಇದ್ದಾನೆ. ಕೌಂಟಿಯ ನಿಜವಾದ ಬಲ ಈ ಎರಡರಲ್ಲಿದೆ. ಸ್ಥಳೀಯ ಸರ್ಕಾರವನ್ನು ಕಾಯುವುದು ಸಂವಿಧಾನದ ಕಲಮಿಗಿಂತ ಹೆಚ್ಚಾಗಿ ಅದರ ಸ್ವಂತ ಗಂಟು ಎಂಬುದು ನನ್ನ ವಾದ.

ಮೇಲಿನವರ ಅಪ್ಪಣೆಗೆ ಕೌಂಟಿ ಎಲ್ಲಿಯವರೆಗೆ ಬಗ್ಗಬೇಕು? ಒಂದು ಮೊಕದ್ದಮೆ ನೋಡಿ. 1993ರ ಬ್ರೇಡಿ ಕಾಯ್ದೆ, ಕೈಬಂದೂಕು ಕೊಳ್ಳುವವರ ಪೂರ್ವಾಪರ ವಿಚಾರಿಸುವ ಹೊಣೆಯನ್ನು ತಾತ್ಕಾಲಿಕವಾಗಿ ಸ್ಥಳೀಯ ಪೊಲೀಸ್ ಮುಖ್ಯಸ್ಥರ ಹೆಗಲಿಗೆ ಹಾಕಿತು. ಮೊಂಟಾನಾದ ರವಾಲಿ ಕೌಂಟಿಯ ಶೆರಿಫ್ ಜೇ ಪ್ರಿಂಟ್ಜ್ ಕೋರ್ಟಿಗೆ ಹೋದ. 1997ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಅವನ ಪರ ನಿಂತಿತು: ರಾಜ್ಯದ, ಸ್ಥಳೀಯ ಸಂಸ್ಥೆಯ ಅಧಿಕಾರಿಗಳನ್ನು ಕೇಂದ್ರ ತನ್ನ ಆಳುಗಳಂತೆ ದುಡಿಸಿಕೊಳ್ಳುವಂತಿಲ್ಲ. ಬಂದೂಕಿನ ವಿಷಯದಲ್ಲಿ ನನ್ನ ಸಹಾನುಭೂತಿ ಕಾಯ್ದೆಯ ಕಡೆಗೇ. ಆದರೂ ಕೆಲಸ ಹೇರಿ ಕೈತೊಳೆದುಕೊಳ್ಳುವ ಚಾಳಿಗೆ ಆ ತೀರ್ಪು ಇಟ್ಟ ತಡೆ ಸರಿಯಾದದ್ದೇ. ವಿಚಿತ್ರವೆಂದರೆ ಅದೇ ಕೆಲಸವನ್ನು ಮೊಂಟಾನಾ ರಾಜ್ಯ ಹೇಳಿದ್ದರೆ ಶೆರಿಫ್ ಮಾಡಲೇಬೇಕಿತ್ತು. ಕೌಂಟಿಗೆ ದೂರದ ದೊರೆಯಿಂದ ರಕ್ಷಣೆಯಿದೆ, ಮನೆಯ ಯಜಮಾನನಿಂದ ಇಲ್ಲ.

ಆ ಯಜಮಾನ ಎಷ್ಟು ಹೊರಿಸಬಲ್ಲ ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯವೇ ಸಾಕ್ಷಿ. ಬಡವರ ಆರೋಗ್ಯವಿಮೆಯಾದ ಮೆಡಿಕೇಡ್ 1965ರಲ್ಲಿ ಬಂದಾಗ ಕೇಂದ್ರ ಮತ್ತು ರಾಜ್ಯ ಖರ್ಚು ಹಂಚಿಕೊಳ್ಳುವ ಏರ್ಪಾಡಾಯಿತು. ನ್ಯೂಯಾರ್ಕ್ ತನ್ನ ಪಾಲಿನ ಒಂದು ಭಾಗವನ್ನು ಕೌಂಟಿಗಳ ಮೇಲೆ ಹೊರಿಸಿತು. ಯಾರಿಗೆ ವಿಮೆ, ಯಾವ ಚಿಕಿತ್ಸೆಗೆ ಎಷ್ಟು ಎಂಬ ತೀರ್ಮಾನಗಳು ರಾಜಧಾನಿ ಆಲ್ಬನಿಯಲ್ಲಿ ಆಗುತ್ತವೆ. ಬಿಲ್ಲು ಬರುವುದು ಊರಿನ ಮನೆಗಳ ಆಸ್ತಿ ತೆರಿಗೆಯ ಮೇಲೆ. ಆಮೇಲೆ, 2011ರಲ್ಲಿ, ಅದೇ ರಾಜ್ಯ ಆಸ್ತಿ ತೆರಿಗೆಯ ಏರಿಕೆಗೂ ಮಿತಿ ಹಾಕಿತು. ಶಾಸಕರಿಗೆ ಎರಡೂ ಕಡೆ ಚಪ್ಪಾಳೆ: ಸೌಲಭ್ಯ ಕೊಟ್ಟವರೂ ಅವರೇ, ತೆರಿಗೆ ತಡೆದವರೂ ಅವರೇ. ರಸ್ತೆಯ ಗುಂಡಿ ಮುಚ್ಚಲಿಲ್ಲವೆಂದು ಬೈಸಿಕೊಳ್ಳುವವನು ಮಾತ್ರ ಕೌಂಟಿಯ ಸದಸ್ಯ. ಕ್ಯಾಲಿಫೋರ್ನಿಯಾ ಈ ಆಟಕ್ಕೆ ಮದ್ದು ಹುಡುಕಿತು. ಹೊಸ ಕೆಲಸ ಹೇರಿದರೆ ಅದರ ಖರ್ಚನ್ನು ರಾಜ್ಯವೇ ತುಂಬಿಕೊಡಬೇಕೆಂದು 1979ರಲ್ಲಿ ಮತದಾರರು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಹಣ ಕೊಡದಿದ್ದರೆ ಆ ಆಜ್ಞೆಯೇ ಅಮಾನತು ಎಂಬ ಹಲ್ಲು ಅದಕ್ಕೆ ಮೂಡಲು 2004 ಬರಬೇಕಾಯಿತು.

ಸ್ವಂತ ಅಧಿಕಾರವಿದ್ದರೆ ಏನು ಲಾಭ ಎಂಬುದಕ್ಕೂ ಕ್ಯಾಲಿಫೋರ್ನಿಯಾದಲ್ಲೇ ಉದಾಹರಣೆಯಿದೆ. ಅನೇಕ ಕನ್ನಡಿಗರು ನೆಲೆಸಿರುವ ಸನ್ನಿವೇಲ್, ಕ್ಯೂಪರ್ಟಿನೋಗಳಿರುವ ಸಾಂಟಾ ಕ್ಲಾರಾ ಅದೇ ರಾಜ್ಯದ ಕೌಂಟಿ. ಕೋವಿಡ್ ಹಬ್ಬತೊಡಗಿದಾಗ ಅದು ನೆರೆಯ ಐದು ಕೌಂಟಿಗಳೊಡನೆ ಸೇರಿ 2020ರ ಮಾರ್ಚ್ 16ರಂದೇ ಮನೆಯಲ್ಲಿರುವ ಆದೇಶ ಹೊರಡಿಸಿತು. ಇಡೀ ರಾಜ್ಯದ ಆದೇಶ ಬಂದದ್ದು ಮೂರು ದಿನ ತಡವಾಗಿ. ಹತ್ತಿರವಿದ್ದವರಿಗೆ ಬೇಗ ಕಂಡಿತು. ಮೇಲಿನವರನ್ನು ಕಾಯಬೇಕಿಲ್ಲದ ಅಧಿಕಾರವೂ ಅವರ ಕೈಯಲ್ಲಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯ ಹೇಳಿದಂತಾಗುತ್ತದೆ. ಅಲಬಾಮಾದ ಲೌಂಡ್ಸ್ ಕೌಂಟಿಯಲ್ಲಿ ಕಪ್ಪುಜನರೇ ಬಹುಸಂಖ್ಯಾತರು. 1965ರ ಆರಂಭದಲ್ಲಿ ಅಲ್ಲಿಯ ಮತದಾರರ ಪಟ್ಟಿಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಅವರನ್ನು ಹೊರಗಿಟ್ಟವರು ಅದೇ ನೆಲದ ಅಧಿಕಾರಿಗಳು, ಸ್ಥಳೀಯ ಸ್ವಾತಂತ್ರ್ಯದ ಹೆಸರು ಹೇಳಿಕೊಂಡೇ. ಬಾಗಿಲು ತೆರೆದದ್ದು ಆ ವರ್ಷದ ಮತದಾನ ಹಕ್ಕು ಕಾಯ್ದೆ ಮತ್ತು ಅದರಡಿ ಬಂದ ಕೇಂದ್ರದ ಅಧಿಕಾರಿಗಳು. ಊರಿನ ಬಲಾಢ್ಯರಿಗೆ ಹೆದರಿ ಬದುಕಿದವರಿಗೆ ದೂರದ ಸರ್ಕಾರವೇ ಆಸರೆಯಾದ ಕಥೆಯನ್ನು ಅಂಬೇಡ್ಕರರ ನಾಡಿನವರಿಗೆ ವಿವರಿಸಬೇಕಿಲ್ಲ. ಹಳ್ಳಿಯನ್ನು ಆಡಳಿತದ ಘಟಕವಾಗಿಸುವುದನ್ನು ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ವಿರೋಧಿಸಿದ್ದು ಇದೇ ಅಂಜಿಕೆಯಿಂದ. ಆಸ್ತಿ ತೆರಿಗೆಗೂ ಇಂಥದೇ ಮಿತಿ: ಸಿರಿವಂತ ಕೌಂಟಿಗೆ ತುಂಬಿ ಚೆಲ್ಲುತ್ತದೆ, ಬಡ ಕೌಂಟಿಗೆ ಆಸ್ಪತ್ರೆಯ ಬಾಗಿಲು ತೆರೆದಿಡಲೂ ಸಾಲದು. ಆದ್ದರಿಂದ ಮೇಲಿನ ಸರ್ಕಾರಕ್ಕೆ ಎರಡು ಕೆಲಸ ಇದ್ದೇ ಇವೆ, ಹಕ್ಕು ಕಾಯುವುದು ಮತ್ತು ಬಡ ಪ್ರದೇಶಕ್ಕೆ ಹಣ ತುಂಬುವುದು. ಉಳಿದದ್ದರಲ್ಲಿ ಅದು ಕೈಯಾಡಿಸಬೇಕಾದರೆ ಖರ್ಚನ್ನೂ ಹೊರಬೇಕು.

ನಮ್ಮ ಜಿಲ್ಲಾ ಪಂಚಾಯತಿಗಳದು ಇದಕ್ಕೆ ತಿರುಗುಮುರುಗಾದ ಸ್ಥಿತಿ. 73ನೇ ತಿದ್ದುಪಡಿಯಿಂದ ಅವಕ್ಕೆ ಸಂವಿಧಾನದಲ್ಲೇ ಜಾಗ ಸಿಕ್ಕಿದೆ, ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ. ಅದಕ್ಕೂ ಮೊದಲು, ಪಂಚಾಯತ್ ರಾಜ್ ಸಚಿವ ನಜೀರ್ ಸಾಬ್ ಕಾಲದಲ್ಲಿ, 1987ರಲ್ಲಿ, ಆಗಿನ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯಿತ್ತು. ಆದರೆ ಜಿಲ್ಲಾ ಪಂಚಾಯತಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಜಿಲ್ಲೆಗಳ ಪಾಲನ್ನು ಪಟ್ಟಿಮಾಡುವ ರಾಜ್ಯ ಬಜೆಟ್ಟಿನ ಲಿಂಕ್ ಡಾಕ್ಯುಮೆಂಟಿನಲ್ಲಿ ಬಂದಷ್ಟೇ ಅದರ ಭಾಗ್ಯ. 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಆಡಳಿತಾಧಿಕಾರಿಗಳೇ ನಡೆಸಿದರು, ಉಸ್ತುವಾರಿ ಸಚಿವರ ಕೆಡಿಪಿ (ಅಭಿವೃದ್ಧಿ ಪರಿಶೀಲನಾ) ಸಭೆಗಳು ಎಂದಿನಂತೆ ಸಾಗಿದವು. ಬೀದಿಯಲ್ಲಿ ಯಾರೂ ಕೂಗಲಿಲ್ಲ, ಏಕೆಂದರೆ ತಾನು ತೆರಿಗೆ ಕಟ್ಟದ ಸಂಸ್ಥೆಯ ಲೆಕ್ಕ ಕೇಳುವ ಅಭ್ಯಾಸ ಯಾರಿಗೂ ಇಲ್ಲ. ಜಿಲ್ಲಾ ಪಂಚಾಯತಿಗೆ ಚುನಾವಣೆ ಬೇಕೆಂದು ಕೇಳುವವರು ಅದರೊಂದಿಗೆ ಒಂದಾದರೂ ಸ್ವಂತ ತೆರಿಗೆಯನ್ನೂ ಕೇಳಲಿ.