ಹಿಡಿಲೆಕ್ಕದ ಬ್ಲೀಚಿಂಗ್ ಪೌಡರ್

ಶಾಲೆಗೆ ಸೂಟಿ ಬಿತ್ತೆಂದರೆ ರೋಣ, ನರಗುಂದ, ಗಜೇಂದ್ರಗಡದ ಹುಡುಗರ ಕಾಲು ತಾವಾಗಿಯೇ ನೀರಿನತ್ತ ಹೊರಳುತ್ತವೆ. ನರಗುಂದದ ಕಡೆಯವರಿಗೆ ಮಲಪ್ರಭೆಯ ಕಾಲುವೆ, ಉಳಿದವರಿಗೆ ಹೊಲದ ಬಾವಿ, ಊರ ಹೊಂಡ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಸು ಕಲಿಯುವವರ ಗದ್ದಲ ಮಧ್ಯಾಹ್ನವೆಲ್ಲ ನಿಲ್ಲುವುದಿಲ್ಲ. ನೀರು ಹಸಿರುಗಟ್ಟುತ್ತದೆ. ಒಬ್ಬನ ಕಣ್ಣು ಕೆಂಪಾಗುತ್ತದೆ, ಇನ್ನೊಬ್ಬನ ಕಿವಿ ಸೋರುತ್ತದೆ. ಆಗ ಹಿರಿಯರಲ್ಲೊಬ್ಬರು ಮೂಲೆಯಲ್ಲಿದ್ದ ಬ್ಲೀಚಿಂಗ್ ಪೌಡರಿನ ಚೀಲ ಬಿಚ್ಚಿ ಎರಡು ಹಿಡಿ ಎರಚುತ್ತಾರೆ. ಪುಡಿ ನೀರ ಮೇಲೆ ಬೆಳ್ಳಗೆ ತೇಲಿ, ಘಾಟು ಮೂಗಿಗೆ ಬಡಿದರೆ ಕೆಲಸ ಆಯಿತೆಂದು ಲೆಕ್ಕ.

ಆಗಿರುವುದಿಲ್ಲ. ಅಡುಗೆಗೆ ಉಪ್ಪು ಹಾಕುವಾಗ ಇರುವಷ್ಟು ಅಂದಾಜೂ ಈ ಕೆಲಸದಲ್ಲಿ ಇಲ್ಲ. ಉಪ್ಪಿಗಾದರೆ ನಾಲಿಗೆಯ ಪರೀಕ್ಷೆಯಾದರೂ ಇದೆ.

ಲೆಕ್ಕವೇನೂ ಕಬ್ಬಿಣದ ಕಡಲೆಯಲ್ಲ. ನಾಲ್ಕು ಮೀಟರ್ ಅಗಲದ ದುಂಡು ಬಾವಿಯಲ್ಲಿ ಐದು ಮೀಟರ್ ನೀರಿದ್ದರೆ ಅದು ಸುಮಾರು 63,000 ಲೀಟರ್. ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಸೇರಬೇಕಾದರೆ 63 ಗ್ರಾಂ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಉಪಯೋಗಕ್ಕೆ ಬರುವ ಕ್ಲೋರಿನ್ ನೂರಕ್ಕೆ 33ರಷ್ಟು, ಅಂದರೆ 190 ಗ್ರಾಂ ಪುಡಿ ಸಾಕು. ಆದರೆ ಬಾಯಿ ಬಿಚ್ಚಿಟ್ಟ ಚೀಲದೊಳಗೆ ಗಾಳಿ, ತೇವ, ಬೆಳಕು ಹೊಕ್ಕಷ್ಟೂ ಪುಡಿಯ ಕಸುವು ಇಳಿಯುತ್ತದೆ. ಅದು ನೂರಕ್ಕೆ 15ಕ್ಕೆ ಬಂದಿದ್ದರೆ ಅದೇ ಬಾವಿಗೆ 420 ಗ್ರಾಂ ಬೇಕು. ಯಾವ ಹಿಡಿ ಯಾವ ಚೀಲದ್ದು ಎಂದು ನೀರಿಗೆ ಗೊತ್ತಾಗುತ್ತದೆ, ಎರಚಿದವರಿಗೆ ಗೊತ್ತಾಗುವುದಿಲ್ಲ.

ಎರಚುವುದೇ ತಪ್ಪು. ಪುಡಿಯನ್ನು ಮೊದಲು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಬೇಕು. ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳ ಹಿಡಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಗಿಳಿಸಿ, ನೀರೊಳಗೆ ಮೇಲೆ ಕೆಳಗೆ ಆಡಿಸಬೇಕು. ತಳದ ಸುಣ್ಣ ಬಾವಿಗೆ ಬಿದ್ದರೆ ಮೊದಲೇ ಗಡಸಾದ ನೀರು ಇನ್ನಷ್ಟು ಗಡಸಾಗುತ್ತದೆ. ಬಿಸಿಲಿಗೆ ಕ್ಲೋರಿನ್ ಬೇಗ ಹಾರಿಹೋಗುವುದರಿಂದ ಇದೆಲ್ಲ ಹೊತ್ತು ಮುಳುಗಿದ ಮೇಲಿನ ಕೆಲಸ.

ಇಷ್ಟಾದರೂ ಹಸಿರು ನೀರು ಜಗ್ಗದಿರಬಹುದು. ಪಾಚಿ, ಮಣ್ಣು, ಕೊಳೆತ ಎಲೆ, ಬೆವರು, ಮೂತ್ರ ಎಲ್ಲವೂ ಕ್ಲೋರಿನ್ನನ್ನು ತಿನ್ನುತ್ತವೆ. ರೋಗಾಣುಗಳ ಪಾಲಿಗೆ ಉಳಿಯುವುದು ಎಂಜಲಷ್ಟೇ. ಹಿಂದಿನವರು ಕದಡಿದ ಕೊಡಕ್ಕೆ ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದರು, ಆಮೇಲೆ ಪಟಿಕ ಬಂತು. ಮೊದಲು ತಿಳಿ, ಆಮೇಲೆ ಮದ್ದು ಎಂಬ ಆ ಕ್ರಮ ಈಜುಕೊಳಕ್ಕೂ ಅನ್ವಯಿಸುತ್ತದೆ.

ಎರೆ ನೆಲದ ಸವಳು ನೀರಿಗೆ ಇನ್ನೊಂದು ತೊಡಕಿದೆ. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಅರ್ಧದಷ್ಟು ಭಾಗ ರೋಗಾಣು ಕೊಲ್ಲುವ ಚುರುಕಿನ ರೂಪದಲ್ಲಿರುತ್ತದೆ. 8.5ಕ್ಕೆ ಏರಿದರೆ ಅದು ಹತ್ತರಲ್ಲೊಂದು ಪಾಲಿಗೆ ಕುಸಿಯುತ್ತದೆ. ಬೋರ್‌ವೆಲ್ ನೀರು ತುಂಬಿಸಿ ಈಜುಕೊಳ ನಡೆಸುವವರು ಪಿಎಚ್ ನೋಡದೆ ಚೀಲದ ಮೇಲೆ ಚೀಲ ಸುರಿದರೆ ಅದು ದುಡ್ಡನ್ನು ನೀರಿಗೆ ಹಾಕಿದಂತೆಯೇ. ಪಿಎಚ್ ಇಳಿಸುವ ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿಗೆ ಹಾಕಿದರಂತೂ ವಿಷಾನಿಲವೇ ಏಳುತ್ತದೆ.

ಘಾಟಿನ ಮಾತೂ ತಿರುಗುಮುರುಗು. ಈಜುಕೊಳದಲ್ಲಿ ಕಣ್ಣು ಉರಿಸುವ ಆ ವಾಸನೆ ಬಹುತೇಕ ಕ್ಲೋರಿನ್ನಿನದಲ್ಲ. ಬೆವರು, ಮೂತ್ರದ ಜೊತೆ ಅದು ಕೂಡಿ ಹುಟ್ಟುವ ಕ್ಲೋರಮೀನಿನದು. ಘಮ್ಮೆಂದು ಹೊಡೆಯುವ ಕೊಳ ಶುದ್ಧವಲ್ಲ, ಕ್ಲೋರಿನ್ ಸಾಲದ ಕೊಳ.

1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟೋನ್ ಪಟ್ಟಣದಲ್ಲಿ ಟೈಫಾಯ್ಡ್ ಹಬ್ಬಿದಾಗ ನೀರಿನ ಕೊಳವೆಗಳನ್ನು ತೊಳೆದದ್ದು ಇದೇ ಪುಡಿಯಿಂದ. ಅಷ್ಟು ಹಳೆಯ, ಅಷ್ಟು ಅಗ್ಗದ ಮದ್ದು ಕೈಯಲ್ಲಿದ್ದೂ 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾದ ಭಯ ಹರಡಿದ ಮೇಲೆ, 2025ರಲ್ಲಿ ನಮ್ಮ ಆರೋಗ್ಯ ಇಲಾಖೆ ಶಬರಿಮಲೆ ಯಾತ್ರಿಕರಿಗೆ ಸ್ನಾನದಲ್ಲಿ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ ಎಂದಿತು. ಬೆಚ್ಚಗಿನ ಸಿಹಿನೀರಿನ ಆ ಜೀವಿ ಬರುವುದು ಕುಡಿದ ನೀರಿನಿಂದಲ್ಲ, ಮೂಗಿಗೇರಿದ ನೀರಿನಿಂದ.

ಕ್ಲೋರಿನ್ ಸರ್ವರೋಗಕ್ಕೂ ಮದ್ದಲ್ಲ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಇ ಕೋಲಿ ಒಂದು ನಿಮಿಷದೊಳಗೆ ಸಾಯುತ್ತದೆ, ಜಿಯಾರ್ಡಿಯಾಕ್ಕೆ 45 ನಿಮಿಷ ಬೇಕು, ಕ್ರಿಪ್ಟೋಸ್ಪೊರಿಡಿಯಮ್ ಹತ್ತು ದಿನ ಬದುಕಿರುತ್ತದೆ. ಭೇದಿಯಾಗುತ್ತಿರುವ ಮಗುವನ್ನು ನೀರಿಗಿಳಿಸಬಾರದೆಂಬುದು ಈ ಕಾರಣಕ್ಕೆ. ಹಾಗೆಯೇ ಎಲ್ಲ ನೀರಿಗೂ ಪುಡಿ ಸಲ್ಲದು. ಗಜೇಂದ್ರಗಡದ ಕಾಲಕಾಲೇಶ್ವರನ ಗುಡ್ಡದ ಅಂತರಗಂಗೆಯಂಥ ಹರಿವ ಒರತೆಯಲ್ಲಿ ಕ್ಲೋರಿನ್ ನಿಲ್ಲುವುದೇ ಇಲ್ಲ. ಅಲ್ಲಿ ಸೋಪು, ಶಾಂಪೂ ಪೊಟ್ಟಣ ತಡೆದರೆ ಅದೇ ದೊಡ್ಡ ಸೇವೆ. ಮೀನಿರುವ ಹೊಂಡಕ್ಕೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತವೆ.

ಪಂಚಾಯ್ತಿಗಳು ಮಾಡಬಹುದಾದ ಕೆಲಸ ಸಣ್ಣದು. ಕ್ಲೋರಿನ್ ನೋಡುವ ಪುಟ್ಟ ಪೆಟ್ಟಿಗೆಯೊಂದು ನೀರಗಂಟಿಯ ಕೈಯಲ್ಲಿರಬೇಕು. ಗುಳಿಗೆ ಹಾಕಿದ ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ಕ್ಲೋರಿನ್ ಉಳಿದಿದೆ ಎಂದರ್ಥ, ಬಣ್ಣದ ಗಾಢತೆಯೇ ಪ್ರಮಾಣ. ಕುಡಿಯುವ ನೀರಿನಲ್ಲಿ ಅರ್ಧ ಗಂಟೆಯ ಬಳಿಕ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಈಜುವ ನೀರಿಗೆ ಒಂದರಿಂದ ಮೂರು. ಕೊಳದ ಮಾಲೀಕರು ಟಿಕೆಟ್ ದರದ ಪಕ್ಕದಲ್ಲೇ ಆ ದಿನದ ಈ ಅಂಕಿಯನ್ನೂ ಬರೆದು ಹಾಕಲಿ. ಇನ್ನು ಹುಡುಗರು ಜಿಗಿಯುವ ಬಾವಿಗಳ ಒಳಗೋಡೆಯ ಮೇಲೆ ಬಾವಿಯ ಅಗಲವನ್ನು ಬಣ್ಣದಲ್ಲಿ ಬರೆದು, ಮೀಟರಿಗೊಂದು ಗೆರೆ ಎಳೆಸಿದರೆ, ಮುಂದಿನ ಬೇಸಿಗೆಯಲ್ಲಿ ಬಕೆಟ್ ಹಿಡಿದು ಬಂದವರು ನೀರು ಯಾವ ಗೆರೆಗಿದೆ ಎಂದು ಬಗ್ಗಿ ನೋಡಿ ಪುಡಿ ತೂಗಬಹುದು.