ಮುಂದಿನ ಟೈರಿನ ಬಲಗಡೆ ಯಾರು ನೋಡ್ತಾರೆ?

ತಿರುಪ್ಪೂರು: ಯುಗಾದಿ, ದೀಪಾವಳಿ ಹತ್ತಿರ ಬಂದರೆ ಸಾಕು, ಇಲ್ಲಿನ ಟೈರ್ ಅಂಗಡಿಗಳ ಮುಂದೆ ದೊಡ್ಡ ಬೈಕುಗಳು ಸಾಲು ನಿಲ್ಲುತ್ತವೆ. ಊರಿಗೆ ಹೊರಟವರು, ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರು, ಚಾಮರಾಜನಗರ, ಮೈಸೂರು ಕಡೆಯ ನೆಂಟರ ಮನೆಗೆ ಹೆಂಡತಿಯನ್ನು ಕೂರಿಸಿಕೊಂಡು ಹೊರಟವರು. ಹಿಂದಿನ ಟೈರಿಗೆ ಗಾಳಿ, ಚೈನಿಗೆ ಎಣ್ಣೆ, ಪಂಕ್ಚರ್ ಇದ್ದರೆ ಪ್ಯಾಚ್. ಮುಂದಿನ ಟೈರಿನ ಕಡೆಗೆ ನಿಂತಲ್ಲಿಂದಲೇ ಒಂದು ನೋಟ. ನಡುವೆ ಗೀರು ಕಂಡಿತೋ, ‘ಇನ್ನೂ ಐದು ಸಾವಿರ ಕಿ.ಮೀ. ಬರ್ತದೆ ಬಿಡಣ್ಣ’ ಎಂಬ ಮಾತು. ಅಲ್ಲಿಗೆ ತಪಾಸಣೆ ಮುಗೀತು.

ಅದೇ ಟೈರನ್ನು ಬಗ್ಗಿ, ಎದುರಿನಿಂದ ನೋಡಿದರೆ ಕಥೆಯೇ ಬೇರೆ. ಸವಾರನ ಎಡಗಡೆಗೆ ಬರುವ ಭಾಗದಲ್ಲಿ ಗೀರುಗಳು ಚೆನ್ನಾಗಿಯೇ ಇರುತ್ತವೆ. ಬಲಗಡೆ ಮಾತ್ರ ಕೈಯಿಟ್ಟರೆ ನುಣ್ಣಗೆ. ಒಂದೇ ಟೈರು, ಒಂದೇ ದಿನ ಹಾಕಿಸಿದ್ದು, ಅರ್ಧ ಹೊಸದು, ಅರ್ಧ ಹಳೆಯದು! ಇದನ್ನು ಕಂಡವರು ‘ಫೋರ್ಕ್ ಬೆಂಡ್ ಆಗಿದೆ’ ಅಂತಾರೆ, ಇಲ್ಲವೇ ‘ಕಂಪನಿ ಟೈರೇ ಸರಿಯಿಲ್ಲ’ ಅಂತಾರೆ. ಕಾಣದವರು ಹಾಗೆಯೇ ಘಾಟ್ ಹತ್ತುತ್ತಾರೆ. ಮೊದಲನೆಯವರು ದುಡ್ಡು ಕಳೆದುಕೊಳ್ಳುತ್ತಾರೆ. ಎರಡನೆಯವರು ಕಳೆದುಕೊಳ್ಳುವುದು ಅದಕ್ಕಿಂತ ದೊಡ್ಡದಾಗಬಹುದು.

ಸಮಸ್ಯೆ ಹೆಚ್ಚಾಗಿ ಕಾಣುವುದು ವೇಗಕ್ಕೂ ದೂರದ ಓಟಕ್ಕೂ ಹೊಂದುವ ‘ಸ್ಪೋರ್ಟ್ ಟೂರಿಂಗ್’ ಗಾಡಿಗಳಲ್ಲಿ. 2003ರಲ್ಲಿ ಕರಿಜ್ಮಾ, 2011ರಲ್ಲಿ ಸಿಬಿಆರ್ 250ಆರ್, 2016ರ ಡಿಸೆಂಬರಿನಲ್ಲಿ ಡೊಮಿನಾರ್ 400 ಬಂದ ಮೇಲೆ ಇಂಥ ಗಾಡಿ ಮಧ್ಯಮ ವರ್ಗದ ಕೈಗೂ ಎಟುಕಿತು. ಸಿರುಮುಗೈ ಕಡೆಯ ದೇವಾಂಗ ಮನೆಗಳಿರಲಿ, ಉಡುಮಲೈಪೇಟೆ, ಪೊಳ್ಳಾಚಿ ಸುತ್ತಿನ ಒಕ್ಕಲಿಗ ಮನೆಗಳಿರಲಿ, ಬನಿಯನ್ ಕಾರ್ಖಾನೆ ನಂಬಿ ತಿರುಪ್ಪೂರಿಗೆ ಬಂದವರಿರಲಿ, ಗಡಿಯಾಚೆಯ ಕನ್ನಡದ ಹುಡುಗರಿಗೆ ಬಸ್ಸಿಗಿಂತ ಬೈಕೇ ಇಷ್ಟ. ತಪ್ಪೇನಿಲ್ಲ. ಆದರೆ ಊರಿನ ದಾರಿ ಸಾಗುವುದು ಬಣ್ಣಾರಿ ಅಮ್ಮನ ಗುಡಿ ದಾಟಿ, ದಿಂಬಂನ 27 ಹೇರ್‌ಪಿನ್ ತಿರುವುಗಳ ಮೇಲೆ ಎಂಬುದನ್ನು ಮರೆಯಬಾರದು.

ಬಲಗಡೆಯೇ ಏಕೆ?

ನಮ್ಮಲ್ಲಿ ಗಾಡಿ ಓಡುವುದು ರಸ್ತೆಯ ಎಡಕ್ಕೆ. ಹಾಗಾಗಿ ಎಡ ತಿರುವು ಯಾವಾಗಲೂ ಒಳಸುತ್ತು, ಬಲ ತಿರುವು ಹೊರಸುತ್ತು. ಹೊರಸುತ್ತಿನ ದಾರಿ ಉದ್ದ. ಮುಂದಿನ ರಸ್ತೆ ಕಾಣುವುದರಿಂದ ಸವಾರ ಅಲ್ಲಿ ವೇಗವನ್ನೂ ಹೆಚ್ಚು ಇಟ್ಟುಕೊಳ್ಳುತ್ತಾನೆ. ಪೇಟೆಯೊಳಗೂ ಅದೇ ಲೆಕ್ಕ. ಎಡಕ್ಕೆ ಹೊರಳುವಾಗ ಗಾಡಿ ಆಮೆಯಂತೆ ಹೋಗುತ್ತದೆ, ಬಲಕ್ಕೆ ಹೊರಳುವಾಗ ದೊಡ್ಡ ಸುತ್ತು ಹಾಕುತ್ತದೆ. ವೃತ್ತ ಬಳಸುವಾಗಲೂ ಗಾಡಿ ವಾಲುವುದು ಬಲಕ್ಕೇ.

ಎರಡನೆಯದು ರಸ್ತೆಯ ಇಳಿಜಾರು. ಮಳೆ ನೀರು ಹರಿದುಹೋಗಲೆಂದು ಡಾಂಬರು ರಸ್ತೆಯನ್ನು ಅಂಚಿನ ಕಡೆ ತುಸು ತಗ್ಗಾಗಿ ಕಟ್ಟುತ್ತಾರೆ. ನೂರು ಅಡಿ ಅಗಲಕ್ಕೆ ಎರಡರಿಂದ ಎರಡೂವರೆ ಅಡಿ ಇಳಿಜಾರು ಎಂಬ ಲೆಕ್ಕ. ಅವಿನಾಶಿ ಹೆದ್ದಾರಿಯಲ್ಲಿ ಗಾಡಿ ನೆಟ್ಟಗೆ ಓಡುತ್ತಿದ್ದರೂ ಅದರ ಕೆಳಗಿನ ನೆಲ ಎಡಕ್ಕೆ ಓರೆ. ಆದ್ದರಿಂದ ದುಂಡನೆಯ ಟೈರು ನೆಲ ಮುಟ್ಟುವ ಜಾಗ ನಡುವಿನಿಂದ ಒಂದೆರಡು ಮಿಲಿಮೀಟರ್ ಬಲಕ್ಕೆ ಸರಿಯುತ್ತದೆ. ಸಾವಿರಾರು ಕಿ.ಮೀ. ಓಟದಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ತಿರುವಿನ ಪಾಲೆಷ್ಟು, ಇಳಿಜಾರಿನ ಪಾಲೆಷ್ಟು ಎಂಬ ಬಗ್ಗೆ ಸವಾರರಲ್ಲಿ ವಾದ ಇದ್ದೇ ಇದೆ. ಘಾಟ್‌ನದ್ದನ್ನೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ತಿರುವಿನ ನಡುಗೆರೆಯ ತ್ರಿಜ್ಯ 15 ಮೀಟರ್, ಒಂದೊಂದು ಲೇನ್ ಮೂರೂವರೆ ಮೀಟರ್ ಎಂದಿಟ್ಟುಕೊಂಡರೆ, ಒಳಸುತ್ತಿನ ಅರ್ಧವೃತ್ತ ಸುಮಾರು 42 ಮೀಟರ್, ಹೊರಸುತ್ತಿನದು ಸುಮಾರು 53 ಮೀಟರ್. ಹೋಗುವಾಗ ಎಡವಾದ ತಿರುವು ಬರುವಾಗ ಬಲವಾಗುತ್ತದೆ. ಆದ್ದರಿಂದ ದಿಂಬಂ ಹತ್ತಿ ಇಳಿದರೆ ಬಲಗಡೆಗೆ ಸುಮಾರು 300 ಮೀಟರ್ ಓಟ ಹೆಚ್ಚು. ಇಷ್ಟಕ್ಕೇ ಟೈರು ನುಣ್ಣಗಾಗುವುದಿಲ್ಲ. ಆದರೆ ಆ ಓಟವೆಲ್ಲ ವಾಲಿಕೊಂಡು, ಬ್ರೇಕ್ ಹಿಡಿದು, ಹೆಚ್ಚು ವೇಗದಲ್ಲಿ ಆಗಿರುತ್ತದೆ. ದಿನನಿತ್ಯದ ಪೇಟೆ ಓಟ ಅದರ ಮೇಲೆ ಸೇರುತ್ತದೆ. ಆಳಿಯಾರಿನಿಂದ ವಾಲ್‌ಪಾರೈಗೆ 40 ತಿರುವು ಹತ್ತುವವರಿಗೆ ಲೆಕ್ಕ ಇನ್ನೂ ಮುಂದೆ ಹೋಗುತ್ತದೆ.

ಇದು ಗಾಡಿಯ ದೋಷವಲ್ಲ ಎಂಬುದಕ್ಕೆ ಒಂದೇ ಮಾತು ಸಾಕು. ಅಮೆರಿಕ, ಜರ್ಮನಿಯಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಕ್ಕೆ. ಅಲ್ಲಿನ ಸವಾರರು ದೂರುವುದು ಎಡಗಡೆಯ ಸವೆತವನ್ನು! ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಯಂಥ ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಇದು ಹೊಸ ವಿಷಯವೇ ಅಲ್ಲ. ಯಾವ ಕಡೆಗೆ ತಿರುವು ಹೆಚ್ಚೋ ಆ ಕಡೆ ಟೈರು ಹೆಚ್ಚು ಸವೆಯುತ್ತದೆ. ಅವರು ಅದನ್ನು ಮೊದಲೇ ಎಣಿಸಿಕೊಂಡಿರುತ್ತಾರೆ. ನಾವು ಎಣಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಯಾವುದು ದೋಷ, ಯಾವುದು ಅಲ್ಲ

ಹಾಗೆಂದು ಎಲ್ಲ ಸವೆತಕ್ಕೂ ರಸ್ತೆಯನ್ನೇ ದೂರುವಂತಿಲ್ಲ. ಬಲಗಡೆ ಒಂದೇ ಸಮ ನುಣ್ಣಗಾಗಿದ್ದರೆ ಅದು ಸಹಜ ಸವೆತ. ಟೈರಿನ ಮೇಲೆ ಕೈ ಎಳೆದಾಗ ಗರಗಸದ ಹಲ್ಲಿನಂತೆ ಒಂದು ಅಂಚು ಎತ್ತರ, ಒಂದು ಅಂಚು ತಗ್ಗು ತಗುಲಿದರೆ, ಅಲ್ಲಲ್ಲಿ ಗುಳಿ ಬಿದ್ದಿದ್ದರೆ, ಓಡುವಾಗ ಮುಂದಿನಿಂದ ‘ಗುಂಯ್’ ಎಂಬ ಸದ್ದು ಬಂದರೆ ಗಾಡಿಯನ್ನು ತೋರಿಸಲೇಬೇಕು. ಗಾಳಿ ಕಡಿಮೆ ಇರಬಹುದು, ಫೋರ್ಕ್ ಎಣ್ಣೆ ಹಳೆಯದಾಗಿರಬಹುದು, ಕೋನ್ ಸೆಟ್ ಸಡಿಲಾಗಿರಬಹುದು, ಚಕ್ರದ ಬ್ಯಾಲೆನ್ಸ್ ತಪ್ಪಿರಬಹುದು. ಮುಂದಿನ ಚಕ್ರ ಎತ್ತಿ ನಿಲ್ಲಿಸಿ ಫೋರ್ಕ್ ಹಿಡಿದು ಹಿಂದೆ ಮುಂದೆ ಅಲುಗಾಡಿಸಿದರೆ ಕೋನ್ ಸೆಟ್ಟಿನ ಸಡಿಲ ಅಲ್ಲೇ ಗೊತ್ತಾಗುತ್ತದೆ. ಎಂದೋ ಬಿದ್ದೆದ್ದ ಗಾಡಿ ಒಂದೇ ಕಡೆಗೆ ಎಳೆಯುತ್ತಿದ್ದರೆ ಮಾತ್ರ ಫೋರ್ಕ್ ಬೆಂಡಿನ ಮಾತು. ಚೈನ್ ಬಿಗಿ ಮಾಡುವಾಗ ಹಿಂದಿನ ಚಕ್ರ ಓರೆಯಾಗಿದೆಯೇ ಎಂಬುದನ್ನೂ ಆಗಲೇ ನೋಡಿಸಬೇಕು.

ಗಾಳಿಯ ವಿಷಯದಲ್ಲಂತೂ ನಮ್ಮವರ ಅಸಡ್ಡೆ ಹೇಳತೀರದು. ಟೈರು ತಣ್ಣಗಿದ್ದಾಗ, ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ಇರಬೇಕು. ಐವತ್ತು ಕಿ.ಮೀ. ಓಡಿಸಿ ಬಿಸಿಯಾದ ಟೈರಿಗೆ ಅಳತೆ ಹಿಡಿದು, ‘ಜಾಸ್ತಿ ಇದೆ’ ಎಂದು ಗಾಳಿ ಬಿಡಿಸುವವರು ಈಗಲೂ ಇದ್ದಾರೆ. ಅದು ತಣ್ಣಗಾದ ಮೇಲೆ ಕಡಿಮೆಯಾಗಿಯೇ ಆಗುತ್ತದೆ.

ನಡು ನೋಡಿ ಮೋಸ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೀರು 0.8 ಮಿ.ಮೀ.ಗಿಂತ ಕಡಿಮೆ ಆಳ ಇರಬಾರದು. ಅದನ್ನು ತೋರಿಸಲು ಗೀರಿನೊಳಗೆ ಸಣ್ಣ ರಬ್ಬರ್ ದಿಬ್ಬ ಇರುತ್ತದೆ. ಸವೆತ ಅದರ ಮಟ್ಟಕ್ಕೆ ಬಂದರೆ ಟೈರು ಮುಗಿಯಿತೆಂದೇ ಅರ್ಥ. ಒಳ್ಳೆಯ ಏರ್ಪಾಡೇ. ಆದರೆ ಈ ದಿಬ್ಬ ಸಾಮಾನ್ಯವಾಗಿ ಇರುವುದು ನಡುವಿನ ಗೀರುಗಳಲ್ಲಿ. ಬಲಗಡೆ ನುಣ್ಣಗಾದರೂ ನಡುವಿನ ದಿಬ್ಬ ‘ಇನ್ನೂ ಇದೆ’ ಅಂತಲೇ ಹೇಳುತ್ತದೆ. ಮೋಸ ಆಗುವುದು ಇಲ್ಲೇ.

ಹಾಸನೂರು ಕಡೆಯಿಂದ ಬಣ್ಣಾರಿಗೆ ಇಳಿಯುವಾಗ ಗಾಡಿಯ ಭಾರ, ಹಿಂದೆ ಕೂತವರ ಭಾರ, ಬ್ಯಾಗಿನ ಭಾರ ಎಲ್ಲ ಮುಂದಿನ ಚಕ್ರದ ಮೇಲೆ ಒತ್ತುತ್ತದೆ. ಬಲ ತಿರುವಿನಲ್ಲಿ ನೆಲ ಹಿಡಿಯಬೇಕಾದ್ದು ಟೈರಿನ ಆ ಸವೆದ ಬಲಭಾಗವೇ. ಮಳೆ ಬಂದಿದ್ದರೆ ನೀರು ಹೊರಹೋಗಲು ಅಲ್ಲಿ ಗೀರೇ ಇಲ್ಲ. ಹಿಂದಿನ ಚಕ್ರ ಜಾರಿದರೆ ಪಳಗಿದ ಸವಾರ ಹೇಗೋ ಸಂಭಾಳಿಸುತ್ತಾನೆ. ಮುಂದಿನದು ಜಾರಿದರೆ ಸಂಭಾಳಿಸಲು ಸಮಯ ಸಿಗುವುದಿಲ್ಲ. ಬಲ ತಿರುವಿನಲ್ಲಿ ಜಾರಿದ ಗಾಡಿ ಹೋಗುವುದು ಎಡಕ್ಕೆ, ಅಂದರೆ ರಸ್ತೆಯ ಅಂಚಿಗೆ. 125 ಸಿಸಿ ಮೇಲ್ಪಟ್ಟ ಹೊಸ ಗಾಡಿಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ, ನಿಜ. ಎಬಿಎಸ್ ಚಕ್ರ ಲಾಕ್ ಆಗದಂತೆ ತಡೆಯುತ್ತದೆಯೇ ಹೊರತು ಸವೆದ ರಬ್ಬರಿಗೆ ಹಿಡಿತ ತಂದುಕೊಡುವುದಿಲ್ಲ.

ಇದಕ್ಕೆ ಅವಸರವೂ ಸೇರಿಕೊಂಡಿದೆ. ಸತ್ಯಮಂಗಲ ಹುಲಿ ಅಭಯಾರಣ್ಯದೊಳಗಿನ ಈ ದಾರಿಯಲ್ಲಿ 2022ರ ಫೆಬ್ರವರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಕಾಡಿನ ಪ್ರಾಣಿಗಳ ಹಿತಕ್ಕೆ ಅದು ಬೇಕಾದ್ದೇ. ಆದರೆ ಶಿಫ್ಟ್ ಮುಗಿಸಿ ತಡವಾಗಿ ಹೊರಟವನು ಗೇಟು ಹಾಕುವ ಮೊದಲೇ ಹತ್ತಿಬಿಡಬೇಕೆಂದು ಗಾಡಿ ಬಿಡುವ ರೀತಿ ನೋಡಿದರೆ ಎದೆ ಝಲ್ ಎನ್ನುತ್ತದೆ.

‘ಅರ್ಧ ಟೈರು ಹಾಗೇ ಇದೆ, ಎಸೆಯೋಕೆ ಮನಸ್ಸು ಬರಲ್ಲ’ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಈ ಗಾಡಿಗಳ ಟೈರಿಗೆ ಸಾವಿರಗಟ್ಟಲೆ ಬೆಲೆ, ದುಡಿಯುವವನಿಗೆ ಅದು ಸಣ್ಣ ಖರ್ಚಲ್ಲ. ಆದರೆ ಎಡಗಡೆ ಉಳಿದದ್ದನ್ನು ಬಲಗಡೆಯ ಖಾತೆಗೆ ಜಮಾ ಮಾಡಲು ಬರುವುದಿಲ್ಲ. ಟೈರನ್ನು ತಿರುಗಿಸಿ ಹಾಕಿಸುವ ಜಾಣತನವೂ ಬೇಡ. ಅದರ ಪಕ್ಕದಲ್ಲಿ ಓಟದ ದಿಕ್ಕಿನ ಬಾಣ ಇರುವುದು ಸುಮ್ಮನೆ ಅಲ್ಲ. ದುಡ್ಡು ಒಂದೇ ಟೈರಿಗೆ ಇದೆ, ಎರಡೂ ಸವೆದಿವೆ ಎಂದಾದರೆ, ಇನ್ನೊಂದು ಟೈರಿಗೂ ದುಡ್ಡು ಕೂಡುವ ತನಕ ಘಾಟ್ ಹತ್ತದಿರುವುದೇ ಲೇಸು. ಬಸ್ಸಿದೆ.

ಮೂರು ಅಂಕಿ ಬರೆದುಕೊಡಲಿ

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಸರ್ವಿಸ್‌ಗೆ ಬಿಟ್ಟ ಗಾಡಿಯ ಬಿಲ್ಲಿನಲ್ಲಿ ಆಯಿಲ್, ಫಿಲ್ಟರ್, ಕೂಲಿ ಎಲ್ಲವನ್ನೂ ಬರೆಯುತ್ತಾರೆ. ಅದರ ಜೊತೆಗೆ ಮುಂದಿನ ಟೈರಿನ ಎಡ, ನಡು, ಬಲ ಎಂದು ಮೂರು ಕಡೆಯ ಗೀರಿನ ಆಳವನ್ನೂ ಬರೆದುಕೊಡಲಿ. ಅಳೆಯುವ ಕಡ್ಡಿಗೆ ಹೆಚ್ಚಿನ ಬೆಲೆ ಇಲ್ಲ, ಅಳೆಯಲು ಎರಡು ನಿಮಿಷ ಬೇಡ. ಸಹಜ ಸವೆತವನ್ನು ಫೋರ್ಕ್ ಬೆಂಡ್ ಎಂದು ಹೇಳಿ ಬಿಲ್ ಮಾಡುವವರಿಗೂ, ಸುಮ್ಮನೆ ಟೈರ್ ಕಂಪನಿಯನ್ನು ಬೈಯುವವರಿಗೂ ಆ ಮೂರು ಅಂಕಿಯೇ ಉತ್ತರ ಕೊಡುತ್ತದೆ. ರಸ್ತೆಯಲ್ಲಿ ತಡೆಯುವ ಪೊಲೀಸರು ಆರ್‌ಸಿ, ಇನ್ಶೂರೆನ್ಸ್, ಹೆಲ್ಮೆಟ್ ನೋಡುತ್ತಾರೆ. ನಿಯಮ ಇದ್ದರೂ ಟೈರಿನ ಕಡೆ ಬಗ್ಗಿ ನೋಡುವವರು ಅಪರೂಪ. ಘಾಟ್ ಬುಡದಲ್ಲಾದರೂ ಆ ಕೆಲಸ ಆಗಲಿ.

ಅದಾಗುವ ತನಕ ಸವಾರನೇ ಕಾಯಬೇಕಿಲ್ಲ. ಒಂದು ಬೆಂಕಿಕಡ್ಡಿ ಸಾಕು. ಎಡ, ನಡು, ಬಲ ಮೂರು ಕಡೆ ಗೀರಿಗೆ ಇಟ್ಟು ಉಗುರಿನಲ್ಲಿ ಗುರುತು ಮಾಡಿದರೆ ಎಲ್ಲಿ ಎಷ್ಟು ಉಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಮೂರರಲ್ಲಿ ಯಾವುದು ಕಡಿಮೆಯೋ ಅದೇ ಟೈರಿನ ಆಯಸ್ಸು. ಪಕ್ಕದಲ್ಲಿರುವ ನಾಲ್ಕು ಅಂಕಿಯನ್ನೂ ಓದಿಕೊಳ್ಳಲಿ. 2423 ಎಂದಿದ್ದರೆ 2023ರ 24ನೇ ವಾರ ತಯಾರಾದದ್ದು ಎಂದು ಅರ್ಥ. ಮುಂದಿನ ಟೈರು ಹಿಂದಿನದಕ್ಕಿಂತ ಹೆಚ್ಚು ಬಾಳುವುದರಿಂದ, ಸವೆಯುವ ಮೊದಲೇ ಹಳೆಯದಾಗಿ ರಬ್ಬರ್ ಗಟ್ಟಿಯಾಗಿರುವುದೂ ಉಂಟು.

ಹಬ್ಬಕ್ಕೆ ಮಗ ಬೈಕಿನಲ್ಲಿ ಬರ್ತಾನೆಂದು ಗಡಿಯ ಈಚೆ ಬಾಗಿಲಲ್ಲಿ ಕಾಯುವ ಅಮ್ಮಂದಿರು ಫೋನಿನಲ್ಲಿ ‘ಹೆಲ್ಮೆಟ್ ಹಾಕ್ಕೊಂಡು ಬಾ ಮಗಾ’ ಎನ್ನುವುದನ್ನು ಕಲಿತಿದ್ದಾರೆ. ಇನ್ನು ಮುಂದೆ ‘ಮುಂದಿನ ಟೈರಿನ ಬಲಗಡೆ ನೋಡ್ಕೊಂಡ್ಯಾ?’ ಎಂದೂ ಒಂದು ಮಾತು ಕೇಳಲಿ.